ದಾಳಿಂಬೆ ಕಲ್ಲಿನ ಮೇಷ್ಟ್ರು

ಕಳೆದ ಡಿಸೆಂಬರಿನ ಮೊದಲ ವಾರ ನಮ್ಮ ಅಂಚೆಪೆಟ್ಟಿಗೆಯಲ್ಲಿ ಬೂದು ಬಣ್ಣದ ಹೂವಿನ ಚಿತ್ರವಿದ್ದ ಒಂದು ಕಾರ್ಡು ಬಿದ್ದಿತ್ತು. ಮನೆಯಲ್ಲಿ ಸಾವಾದವರು, ಈ ಸಲ ನಮಗೆ ಹೊಸ ವರ್ಷದ ಶುಭಾಶಯ ಕಳಿಸಬೇಡಿ ಎಂದು ತಿಳಿಸಲು ಜಪಾನಿನಲ್ಲಿ ಕಳಿಸುವ ಕಾರ್ಡು ಅದು. ಅಚ್ಚಾದ ನಾಲ್ಕು ಸಾಲುಗಳ ಕೆಳಗೆ ಮೇಷ್ಟ್ರ ಹೆಂಡತಿ ಪೆನ್ನಿನಲ್ಲಿ ಎರಡು ಸಾಲು ಸೇರಿಸಿದ್ದರು. ನನಗೆ ಓದಲು ಬಾರದ ಅಕ್ಷರಗಳನ್ನು ಮಗಳು ಮೇಧಾ ಓದಿಕೊಟ್ಟಳು. "ಕೊನೆಯ ವಾರದಲ್ಲೂ ಆಸ್ಪತ್ರೆಯ ನರ್ಸನ್ನು ಕೂರಿಸಿಕೊಂಡು ಮೆಣಸಿನ ಕಥೆ ಹೇಳುತ್ತಿದ್ದರು. ಪಾಪ, ಕೆಲಸ ಬಿಟ್ಟು ಕೂತದ್ದಕ್ಕೆ ಆಕೆ ಎರಡು ಸಲ ಬೈಸಿಕೊಂಡಳು."

ಓದಿ ನನಗೆ ಮೊದಲು ಬಂದದ್ದು ನಗು. ಅಳು ಬಂದದ್ದು ಸಂಜೆ, ಅನ್ನಕ್ಕೆ ಇಡುವಾಗ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಾವು ಮಾಡಿದ ಯಾವ ಕೆಲಸದ ಮೇಲೂ ಅವರು ಹೆಸರು ಹಾಕಲಿಲ್ಲ. ಎಲ್ಲರ ಹಾಗೆ ನಾನೂ ಅವರನ್ನು 'ಸೆನ್ಸೇ' ಎಂದೇ ಕರೆಯುತ್ತಿದ್ದೆ. ನಮ್ಮ ಕಡೆ ಹೇಳುವುದಾದರೆ ಮೇಷ್ಟ್ರು. ಅಸಲಿಗೆ ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ನಲವತ್ತು ವರ್ಷ ಹಲ್ಲು ಮಾಡಿದವರು. ದಂತವೈದ್ಯರು ಕಳಿಸಿದ ಅಚ್ಚು ನೋಡಿ, ಮನೆಯ ಕೆಳಗಿನ ಕೋಣೆಯಲ್ಲಿ ಕೂತು, ಕಟ್ಟಿಸುವ ಹಲ್ಲು, ಹಲ್ಲಿನ ತೂತಿಗೆ ಕೂರಿಸುವ ಚಿನ್ನದ ತುಣುಕುಗಳನ್ನು ತಯಾರಿಸಿ ಕೊಡುವ ಕುಶಲಕರ್ಮಿ.

ಪರಿಚಯವಾದದ್ದು ಐದು ವರ್ಷದ ಹಿಂದೆ, ಫುನಾಬೊರಿ ರೈಲು ನಿಲ್ದಾಣದ ಹತ್ತಿರದ ಕೊಂಬಿನಿಯಲ್ಲಿ, ಹಗಲೂ ರಾತ್ರಿಯೂ ತೆರೆದಿರುವ ಸಣ್ಣ ಅಂಗಡಿಯಲ್ಲಿ. ಮೇಧಾಳ ಶಾಲೆಯ ಕಾಗದಗಳನ್ನು ಜೆರಾಕ್ಸ್ ಮಾಡಲು ಯಂತ್ರದ ಮುಚ್ಚಳ ಎತ್ತಿದರೆ, ಗಾಜಿನ ಮೇಲೆ ಯಾರೋ ಮರೆತುಹೋದ ಬಣ್ಣದ ಚಿತ್ರ. ಚಿನ್ನದ ಜೇನುಗೂಡಿನಂಥ ದುಂಡು ಬಿಲ್ಲೆ; ಒಂದೊಂದು ಕೋಶದಲ್ಲೂ ತೆಳುವಾದ ಕಡುಗೆಂಪು ಕಲ್ಲು. ನಮ್ಮಜ್ಜಿಯ ಕೆಂಪಿನ ಓಲೆ ನೆನಪಾಯಿತು. ಆದರೆ ಇದು ಮಾಣಿಕ್ಯದ ಕೆಂಪಲ್ಲ, ಒಳಗೆಲ್ಲೋ ಕಂದು ಬೆರೆತ ಕೆಂಪು. ಮೈಸೂರಿನಲ್ಲಿ ಭೂವಿಜ್ಞಾನ ಓದಿ, ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಮೂರು ವರ್ಷ ಕಲ್ಲು ಕೊಯ್ದು ನೋಡಿದ ಕಣ್ಣು ನನ್ನದು. ಗಂಡ ಪ್ರಶಾಂತನಿಗೆ ಕಾವಾಸಾಕಿಯ ಕಚೇರಿಗೆ ಪೋಸ್ಟಿಂಗ್ ಆದಮೇಲೆ ಆ ಕಣ್ಣಿಗೆ ಕೆಲಸವಿರಲಿಲ್ಲ. ಚಿತ್ರ ನೋಡಿದ ಕೂಡಲೇ ಅದು ಎಚ್ಚರಾಯಿತು.

ಕಾಗದ ಹಿಡಿದು, ಮೇಧಾಳ ಕೈ ಎಳೆದುಕೊಂಡು ಹೊರಗೆ ಓಡಿದೆ. ಬಿಳಿ ಕೂದಲಿನ ಗಿಡ್ಡ ಮನುಷ್ಯರೊಬ್ಬರು ಸೈಕಲ್ಲಿನ ಬುಟ್ಟಿಗೆ ಚೀಲ ಹಾಕುತ್ತಿದ್ದರು.

"ಸುಮಿಮಾಸೆನ್," ಕ್ಷಮಿಸಿ, ಎಂದು ಕಾಗದ ಮುಂದೆ ಹಿಡಿದು, ಬೆರಳಿಟ್ಟು ತೋರಿಸಿದೆ. "ಗಾರ್ನೆಟ್?"

ಅವರು ನನ್ನ ಮುಖವನ್ನೂ ಬೆರಳನ್ನೂ ನೋಡಿದರು. ಏನೋ ಹೇಳಿದರು. ಆಗ ಏಳು ವರ್ಷದ ಮೇಧಾಳೇ ನನ್ನ ದುಭಾಷಿ.

"ಅಮ್ಮಾ, ಅದಕ್ಕೆ ಜಪಾನೀಸ್‌ನಲ್ಲಿ ಪಾಮಗ್ರನೆಟ್ ಸ್ಟೋನ್ ಅಂತಾರಂತೆ. ನಿಂಗೆ ಹೇಗೆ ಗೊತ್ತು ಅಂತ ಕೇಳ್ತಿದಾರೆ."

"ನಾನು ಜಿಯಾಲಜಿ ಓದಿದೀನಿ ಅಂತ ಹೇಳು. ಇಂಡಿಯಾದವಳು ಅಂತ ಹೇಳು. ನಮ್ಮೂರ ಕಡೆ ಈ ಕಲ್ಲು ಸಿಗುತ್ತೆ ಅಂತ ಹೇಳು."

ಅವಳು ಹೇಳಿದಳು. ಅವರು ಸೈಕಲ್ಲಿನ ಸ್ಟ್ಯಾಂಡ್ ಹಾಕಿ, ಹತ್ತಿರ ಬಂದು, ಗುಟ್ಟು ಹೇಳುವವರ ಹಾಗೆ ಮೆಲ್ಲಗೆ ಅಂದರು: "ಕಿತಾ."

"ಬಂತು ಅಂತಿದಾರೆ," ಅಂದಳು ಮೇಧಾ.

"ಏನು ಬಂತಂತೆ?"

"ಐ ಡೋಂಟ್ ನೋ. ನೀನೇ ಇರಬೇಕು."

ಸಾಮಾನ್ಯವಾಗಿ ಜನಕ್ಕೆ ಉತ್ಸಾಹ ಬಂದರೆ ದನಿ ಏರುತ್ತದೆ. ಮೇಷ್ಟ್ರದು ಇಳಿಯುತ್ತಿತ್ತು. ಹವಾಮಾನ, ತರಕಾರಿ, ನೆರೆಮನೆಯ ನಾಯಿ, ಇವೆಲ್ಲ ಮಾಮೂಲಿ ದನಿಯಲ್ಲಿ ಮುಗಿಯುತ್ತಿದ್ದವು. ಸಾವಿರದೈನೂರು ವರ್ಷದ ಹಿಂದೆ ಈ ಕಲ್ಲು ಹೊತ್ತು ಹೋದ ಹಡಗಿನ ವಿಷಯ ಬಂತೋ, ಸುತ್ತ ಕೂತವರೆಲ್ಲ ಮುಂದಕ್ಕೆ ಬಾಗಬೇಕು. ಅವರ ಬೆಂಚಿನ ಸುತ್ತ ನಾವೆಲ್ಲ ತಲೆಗೆ ತಲೆ ತಾಗಿಸಿಕೊಂಡು ಕೂತಿರುತ್ತಿದ್ದದ್ದೇ ನೆನಪು.

ಮಾರನೆಯ ದಿನವೇ ಮೇಧಾಳನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಕೈಯಲ್ಲಿ ಒಂದು ಕಲ್ಲು ಇತ್ತು. ವಿದ್ಯಾರ್ಥಿಯಾಗಿದ್ದಾಗ ಹೊಳೆನರಸೀಪುರದ ಕಡೆ ಕ್ಷೇತ್ರಕಾರ್ಯಕ್ಕೆ ಹೋಗಿ ಗುಡ್ಡದ ಬುಡದಿಂದ ಆರಿಸಿಕೊಂಡದ್ದು. ಬೆಳ್ಳಿಯ ಪುಡಿ ಮೆತ್ತಿದಂತೆ ಹೊಳೆಯುವ ಬಂಡೆಯ ಚೂರು. ಅದರಲ್ಲಿ ಒಗ್ಗರಣೆಗೆ ಹಾಕಿದ ಕಡಲೆಬೇಳೆಯ ಹಾಗೆ ಅಲ್ಲಲ್ಲಿ ಸಿಕ್ಕಿಕೊಂಡ ಕಪ್ಪುಗೆಂಪು ಗಾರ್ನೆಟ್ಟುಗಳು. ಬೆಂಗಳೂರಿನಿಂದ ಬರುವಾಗ ತೂಕ ಜಾಸ್ತಿಯಾಯಿತೆಂದು ಉಪ್ಪಿನಕಾಯಿ ಡಬ್ಬಿ ಬಿಟ್ಟು ಅದನ್ನು ತಂದಿದ್ದೆ.

ಮೇಷ್ಟ್ರು ಅಲ್ಲಿಯವರೆಗೆ ಕತ್ತರಿಸಿದ, ಪಾಲಿಶ್ ಮಾಡಿದ ಗಾರ್ನೆಟ್ಟನ್ನು ಮಾತ್ರ ನೋಡಿದ್ದರು. ಹುಟ್ಟಿದ ಬಂಡೆಯೊಳಗೇ ಕೂತ ಕಲ್ಲನ್ನು ನೋಡಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಕಿಟಕಿಯ ಹತ್ತಿರ ಹೋಗಿ, ಆಮೇಲೆ ಮಾಡಿದ ಕೆಲಸ ನೋಡಿ ನಾನು ದಂಗಾದೆ. ನಾಲಿಗೆಯ ತುದಿಯಿಂದ ಕಲ್ಲನ್ನು ಮುಟ್ಟಿದರು.

"ಕಣ್ಣಿಗೆ ಗೊತ್ತಾಗದ್ದು, ಬೆರಳಿಗೆ ಗೊತ್ತಾಗದ್ದು ನಾಲಿಗೆಗೆ ಗೊತ್ತಾಗುತ್ತೆ, ಸುಮಾ-ಸಾನ್. ಹಲ್ಲು ಒಂದು ಕೂದಲೆಳೆ ಎತ್ತರ ಇದ್ದರೂ ನಾಲಿಗೆ ಇಡೀ ದಿನ ಅಲ್ಲೇ ಹೋಗ್ತಾ ಇರುತ್ತೆ. ನಲವತ್ತು ವರ್ಷ ನಾನು ಕೆಲಸ ಮಾಡಿದ್ದು ಬೇರೆಯವರ ನಾಲಿಗೆಗೋಸ್ಕರ."

ಅವರಿಗೆ ಈ ಹುಚ್ಚು ಹಿಡಿದ ಬಗೆಯನ್ನು ಹೇಳಿದವರು ಅವರ ಹೆಂಡತಿ. ಓಕುಸಾನ್ ಎಂದು ನಾನು ಕರೆಯುತ್ತಿದ್ದ ಆ ಅಮ್ಮ ಚಹಾ ತಂದಿಟ್ಟು, ಬಾಗಿಲ ಬಳಿಯೇ ಮಂಡಿಯೂರಿ ಕೂತು, ಒಂಚೂರೂ ನಗದೆ ನಗಿಸುತ್ತಿದ್ದರು. ನಿವೃತ್ತಿಯಾದ ವರ್ಷ ಇಬ್ಬರೂ ಉತ್ತರ ಯೂರೋಪಿಗೆ ಪ್ಯಾಕೇಜ್ ಟೂರ್ ಹೋಗಿದ್ದರಂತೆ. ಒಂದು ವಸ್ತುಸಂಗ್ರಹಾಲಯದಲ್ಲಿ ಎಲ್ಲರಿಗೂ ನಲವತ್ತು ನಿಮಿಷ. ಬಸ್ಸು ಹೊರಟಾಗ ಎಣಿಸಿದರೆ ಇವರಿಲ್ಲ. ಓಕುಸಾನ್ ವಾಪಸ್ ಹೋಗಿ ಹುಡುಕಿದರೆ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದಾರೆ. ಒಳಗೆ ದೊಡ್ಡ ನಾಣ್ಯದಷ್ಟಗಲದ ಬಿಲ್ಲೆ. ಯಾವುದೋ ಹೆಂಗಸಿನ ಗೋರಿಯಲ್ಲಿ, ಹೊದಿಕೆಗೆ ಸಿಕ್ಕಿಸಿದ ಪಿನ್ನಾಗಿ ಸಿಕ್ಕಿದ್ದು.

"ಏನು ಮಾಡ್ತಿದೀರಿ, ಬಸ್ಸು ಹೋಗ್ತಿದೆ ಅಂದೆ. ಇದು ನನ್ನ ಕೆಲಸ ಅಂದರು. ಸಾವಿರದೈನೂರು ವರ್ಷದ ಹಿಂದೆ ಯಾರೋ ನನ್ನ ಕೆಲಸ ಮಾಡಿದಾನೆ ಅಂದರು. ಆವತ್ತು ಬಸ್ಸು ತಪ್ಪಿತು. ಇವರು ಇನ್ನೂ ಮನೆಗೆ ವಾಪಸ್ ಬಂದಿಲ್ಲ."

ಮೇಷ್ಟ್ರು ಹೇಳಿದ್ದು ನಿಜವೇ. ಹಲ್ಲಿನ ತೂತನ್ನು ಅಳೆದು ಚಿನ್ನವನ್ನು ಕೂರಿಸುವುದಕ್ಕೂ ಚಿನ್ನದ ಗೂಡನ್ನು ಅಳೆದು ಕಲ್ಲನ್ನು ಕೂರಿಸುವುದಕ್ಕೂ ಬೇಕಾದ ಕೈ ಒಂದೇ. ಉತ್ತರದ ಆ ಅಕ್ಕಸಾಲಿಗರು ಗಾರ್ನೆಟ್ಟನ್ನು ಉಗುರಿಗಿಂತ ತೆಳುವಾಗಿ ಸೀಳಿ, ಗೂಡಿನ ಆಕಾರಕ್ಕೆ ಅಂಚು ಉಜ್ಜಿ, ಅಡಿಯಲ್ಲಿ ಸಣ್ಣ ಚೌಕುಳಿ ಒತ್ತಿದ ಚಿನ್ನದ ರೇಕನ್ನು ಇಡುತ್ತಿದ್ದರು. ಕಲ್ಲಿನೊಳಗೆ ಹೋದ ಬೆಳಕು ಆ ರೇಕಿಗೆ ಬಡಿದು ಕೆಂಪಾಗಿ ವಾಪಸ್ ಬರುತ್ತಿತ್ತು. ವರ್ಷದಲ್ಲಿ ಅರ್ಧಭಾಗ ಮೋಡ ಕವಿದ ಊರುಗಳಲ್ಲಿ, ಒಲೆಯ ಬೆಳಕಿನಲ್ಲಿ, ಅದು ಹೇಗೆ ಕಂಡಿರಬೇಕು.

ಆ ಕಲ್ಲುಗಳಲ್ಲಿ ಬಹಳಷ್ಟು ಇಂಡಿಯಾದವು, ಲಂಕೆಯವು. ಕಲ್ಲಿನೊಳಗಿನ ಧಾತುಗಳನ್ನು ಅಳೆದವರು ಹಾಗೆನ್ನುತ್ತಾರೆ. ಮೇಷ್ಟ್ರು ಒಂದು ದಿನ ಆಸೆಯಿಂದ ಕೇಳಿದರು: "ನಿಮ್ಮ ಗುಡ್ಡದ್ದೂ ಹೋಗಿರಬಹುದಾ?"

"ರಾಜಸ್ಥಾನದ್ದು ಅಂತಾರೆ, ಗೋದಾವರಿ ಕಡೇದು ಅಂತಾರೆ. ನಮ್ಮ ಗುಡ್ಡದ್ದು ಅನ್ನೋಕೆ ಯಾವ ಆಧಾರವೂ ಇಲ್ಲ, ಸೆನ್ಸೇ."

"ಇಲ್ಲ ಅನ್ನೋಕೆ?"

"ಅದಕ್ಕೂ ಇಲ್ಲ."

"ಒಳ್ಳೇದು," ಎಂದು ಚಹಾ ಕುಡಿದರು.

ತಿಂಗಳಿಗೊಮ್ಮೆ ವಾರ್ಡಿನ ಸಮುದಾಯ ಭವನದಲ್ಲಿ ಅವರದೊಂದು ತರಗತಿ ಇರುತ್ತಿತ್ತು. ಬರುವವರು ಹತ್ತು ಹನ್ನೆರಡು ಮಂದಿ, ಬಹುತೇಕ ನಿವೃತ್ತರು. ಒಂದು ಶನಿವಾರ ನನ್ನನ್ನೂ ಮೇಧಾಳನ್ನೂ ಕರೆದರು. ಸಭಾಂಗಣದ ಒಂದು ಮೂಲೆಯಲ್ಲಿ ನನ್ನನ್ನು ನಿಲ್ಲಿಸಿ, ಅಂಗೈ ತುಂಬ ಕರಿಮೆಣಸು ಮತ್ತು ಒಂದು ಗಾರ್ನೆಟ್ ಕೊಟ್ಟರು. "ನೀವು ಮಲಬಾರಿನ ಬಂದರು." ಎದುರು ಮೂಲೆಯಲ್ಲಿ ಮೇಧಾಳಿಗೆ ಕೆಂಪು ಕಂಬಳಿ ಹೊದಿಸಿ ಸ್ಟೂಲಿನ ಮೇಲೆ ಕೂರಿಸಿದರು. ಅವಳು ಉತ್ತರದ ಶ್ರೀಮಂತ ಮನೆಯ ಹೆಂಗಸು. ನಡುವೆ ಉಳಿದವರೆಲ್ಲ ಹಡಗು, ಒಂಟೆ, ದೋಣಿಯವರಾಗಿ ಸಾಲಾಗಿ.

ನಿಯಮ ಮೂರು. ಪ್ರತಿಯೊಬ್ಬರೂ ತಮ್ಮ ಪಾಲಿನ ಮೆಣಸು ಇಟ್ಟುಕೊಂಡು ಮಿಕ್ಕಿದ್ದನ್ನು ಮುಂದಿನವರಿಗೆ ಕೊಡಬೇಕು. ಪಕ್ಕದವರ ಜೊತೆ ಮಾತ್ರ ಮಾತಾಡಬಹುದು. ಹಡಗಿನವನು ಗಾಳಿ ಬರುವ ತನಕ ಕದಲುವ ಹಾಗಿಲ್ಲ. ಹಡಗಿನವರಾಗಿದ್ದ ನಿವೃತ್ತ ರೈಲ್ವೆ ನೌಕರರು ಮೆಣಸು ಹಿಡಿದು ನಿಂತೇ ಇದ್ದರು. ಮೇಷ್ಟ್ರು ಪುಸ್ತಕ ತಿರುವುತ್ತಾ ಕೂತರು. ಐದು ನಿಮಿಷವಾಯಿತು, ಹತ್ತಾಯಿತು. ಜನ ಗುಸುಗುಸು ಶುರುಮಾಡಿದರು. ಆಮೇಲೆ ಮೇಷ್ಟ್ರು ಎದ್ದು ಹೋಗಿ ಟೇಬಲ್ ಫ್ಯಾನನ್ನು ಅವರ ಬೆನ್ನಿಗೆ ತಿರುಗಿಸಿ ಗುಂಡಿ ಒತ್ತಿದರು. ಮಾನ್ಸೂನ್. ಆ ಹಿರಿಯರು ಅಂಗಿ ಪಟಪಟ ಹಾರಿಸಿಕೊಂಡು ಕೆಂಪು ಸಮುದ್ರದ ಕಡೆ ಹೆಚ್ಚುಕಮ್ಮಿ ಓಡಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅಲ್ಲಿಂದ ಒಂಟೆ, ನದಿಯ ದೋಣಿ, ಇನ್ನೊಂದು ಸಮುದ್ರ, ಪೇರಿಸಿಟ್ಟ ಕುರ್ಚಿಗಳ ಹಿಮಪರ್ವತವನ್ನು ಬಳಸಿಕೊಂಡು ಹೇಸರಗತ್ತೆಯಾಗಿ ಬಂದ ಹೂವಿನಂಗಡಿಯ ಅಮ್ಮ, ಮತ್ತೆ ನದಿ, ಮತ್ತೆ ಥಂಡಿ ಸಮುದ್ರ. ಮೇಧಾಳ ಕೈಗೆ ಬರುವಾಗ ಉಳಿದದ್ದು ಎರಡು ಮೆಣಸು, ಒಂದು ಕಲ್ಲು.

"ಅಮ್ಮಾವ್ರೇ, ಈ ಕಲ್ಲು ಎಲ್ಲಿಂದ ಬಂತು?" ಎಂದು ಮೇಷ್ಟ್ರು ತಲೆಬಾಗಿ ಕೇಳಿದರು.

ಮೇಧಾ ತನ್ನ ಪಕ್ಕದವರನ್ನು ತೋರಿಸಿದಳು. "ಈ ಅಜ್ಜನಿಂದ."

ಮೇಷ್ಟ್ರ ದನಿ ಪೂರಾ ಇಳಿಯಿತು. "ಅಷ್ಟೇ. ಅವಳಿಗೆ ಗೊತ್ತಿದ್ದದ್ದೂ ಅಷ್ಟೇ. ಅದನ್ನು ಎದೆಯ ಮೇಲೆ ಇಟ್ಟುಕೊಂಡು ಮಣ್ಣಿಗೆ ಹೋದಳು. ಗುಡ್ಡದಿಂದ ಕಲ್ಲು ಅಗೆದು ತೆಗೆದವರಿಗೆ," ನನ್ನ ಕಡೆ ಕೈ ತೋರಿದರು, "ಅವಳೊಬ್ಬಳು ಇದಾಳೆ ಅಂತಾನೇ ಗೊತ್ತಿಲ್ಲ. ಮತ್ತೆ ಕೇಳಿ, ಅದೇ ಕಾಲದಲ್ಲಿ ನಮ್ಮ ಜಪಾನಿನ ಗೋರಿಗಳಿಗೆ ಇವರ ದೇಶದ ಗಾಜಿನ ಮಣಿ ಬಂದಿದೆ. ಅವರು ಒಂದು ತುದಿ, ನಾವು ಒಂದು ತುದಿ. ನಡುವೆ ಇವರು."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಕಂಪನಿಯವರ ಹೆಂಡತಿ, ಮಗುವಿನ ತಾಯಿ ಎಂದಲ್ಲದೆ ಇನ್ನೇನೋ ಆಗಿ ನಾನು ಆ ದೇಶದಲ್ಲಿ ನಿಂತದ್ದು ಅದೇ ಮೊದಲು. ಮನೆಗೆ ಬಂದು ಪ್ರಶಾಂತನಿಗೆ ಹೇಳುವಾಗ ನನಗೇ ಉಸಿರು ಸಿಗುತ್ತಿರಲಿಲ್ಲ. ಅವನು, "ನೀನು ಇಷ್ಟು ಮಾತಾಡಿ ಎಷ್ಟು ದಿನ ಆಗಿತ್ತು, ಸುಮಾ," ಅಂದ.

ಮುಂದಿನ ವರ್ಷ ಒಂದು ವಸ್ತುಸಂಗ್ರಹಾಲಯದಿಂದ ಮೇಷ್ಟ್ರಿಗೆ ಕೆಲಸ ಬಂತು. ಇಂಡಿಯಾದಿಂದ ಎರಡು ದಿಕ್ಕಿಗೂ ಹೋದ ವಸ್ತುಗಳ ಪ್ರದರ್ಶನ. ಅದರಲ್ಲಿ ಜನ ಕೈಯಿಂದ ಮುಟ್ಟಿ ನೋಡಲು ಒಂದು ಮೇಜು. ಅದಕ್ಕೆ ಉತ್ತರದ ಬಿಲ್ಲೆಯೊಂದರ ತದ್ರೂಪು ಬೇಕು: ಇಪ್ಪತ್ತೆಂಟು ಗೂಡು, ಇಪ್ಪತ್ತೆಂಟು ಕಲ್ಲು. ಉಸ್ತುವಾರಿ ಕುರಾತಾ-ಸಾನ್ ಎಂಬ ಮಿತಭಾಷಿ ಹೆಣ್ಣುಮಗಳದು. ಕಲ್ಲು ಇಂಡಿಯಾದ್ದೇ ಆಗಬೇಕೆಂದು ಮೇಷ್ಟ್ರ ಹಟ. ಆ ಬೇಸಿಗೆಗೆ ನಾನು ಊರಿಗೆ ಹೊರಟಿದ್ದೆ. "ನಾನು ತರ್ತೀನಿ, ಸೆನ್ಸೇ," ಎಂದು ಎದೆತಟ್ಟಿ ಹೇಳಿದೆ.

ಬೆಂಗಳೂರಿನ ಪೇಟೆಯ ಒಂದು ಹರಳಿನ ಅಂಗಡಿಯಲ್ಲಿ ಕೊಂಡೆ. ಗಾರ್ನೆಟ್ಟಿನಲ್ಲಿ ಕಬ್ಬಿಣದ ಅಂಶವಿದೆ. ಸಣ್ಣ ಮುಚ್ಚಳದಲ್ಲಿಟ್ಟು ನೀರಿನ ಮೇಲೆ ತೇಲಬಿಟ್ಟು ಬಲವಾದ ಆಯಸ್ಕಾಂತ ಹತ್ತಿರ ತಂದರೆ ಮೆಲ್ಲಗೆ ಅದರ ಕಡೆ ಬರುತ್ತದೆ. ಗಾಜು ಬರುವುದಿಲ್ಲ. ಅಂಗಡಿಯಲ್ಲೇ ಆರೇಳು ಕಲ್ಲು ಹೀಗೆ ನೋಡಿದೆ. ಸರಿಯಾಗಿದ್ದವು. ಮೇಧಾಳಿಗೆ ಸೆಕೆ, ನನಗೆ ಒಂದು ಮದುವೆಮನೆಯ ಅವಸರ. ಉಳಿದವನ್ನು ನೋಡಲಿಲ್ಲ. ಗಾಳಿಗುಳ್ಳೆ ಇದೆಯೇ ಎಂದು ಭೂತಗನ್ನಡಿಯಲ್ಲಿ ಒಂದೊಂದನ್ನೂ ಹುಡುಕಬೇಕಿತ್ತು. ಅದನ್ನೂ ಮಾಡಲಿಲ್ಲ. ಕಣ್ಣಳತೆಯಲ್ಲಿ ಬಣ್ಣ ಹೊಂದಿಸಿ ಕಟ್ಟಿಸಿಕೊಂಡು ಬಂದೆ.

ಶರತ್ಕಾಲವೆಲ್ಲ ಮೇಷ್ಟ್ರು ಕೊರೆದರು. ಆಗಲೇ ನನಗೊಂದು ವಿಚಿತ್ರ ಕಂಡಿತು. ಕಲ್ಲನ್ನು ಅವರು ನೇರವಾಗಿ ನೋಡುತ್ತಿರಲಿಲ್ಲ. ಕೋಳಿ ಕಾಳು ನೋಡುವ ಹಾಗೆ ತಲೆ ಓರೆ ಮಾಡಿ ಪಕ್ಕದಿಂದ ನೋಡುತ್ತಿದ್ದರು. ಕೇಳಿದ್ದಕ್ಕೆ ಕತ್ತು ಹಿಡಿದಿದೆ ಅಂದರು. ಓಕುಸಾನ್ ಬಾಗಿಲ ಬಳಿಯಿಂದ, "ಕತ್ತಲ್ಲ, ಕಣ್ಣು," ಅಂದರು. ನೋಟದ ನಟ್ಟನಡುವೆ ಹೆಬ್ಬೆಟ್ಟಿನ ಗುರುತಿನಂಥ ಮಬ್ಬು ಶುರುವಾಗಿ ವರ್ಷವಾಗಿತ್ತಂತೆ. ಅದು ದೊಡ್ಡದಾಗುತ್ತಿತ್ತು. ಈ ಬಿಲ್ಲೆಯೇ ಕೊನೆಯದು ಎಂದು ಮೇಷ್ಟ್ರು ತಾವೇ ತೀರ್ಮಾನಿಸಿಕೊಂಡಿದ್ದರು.

ಚಳಿ ಮುಗಿಯುವ ಹೊತ್ತಿಗೆ ಬಿಲ್ಲೆ ಸಿದ್ಧವಾಯಿತು. ಪ್ರದರ್ಶನಕ್ಕೆ ಎರಡು ವಾರವಿತ್ತು. ಒಂದು ಭಾನುವಾರ ಮೇಧಾ ಶಾಲೆಯಲ್ಲಿ ತೋರಿಸಲೆಂದು ಮಿಕ್ಕಿದ್ದ ಕಲ್ಲುಗಳನ್ನು ಬೋಗುಣಿಯ ನೀರಿನಲ್ಲಿ ಮುಚ್ಚಳಕ್ಕೆ ಹಾಕಿ ಆಯಸ್ಕಾಂತದ ಆಟ ಆಡುತ್ತಿದ್ದಳು.

"ಅಮ್ಮಾ, ದಿಸ್ ಒನ್ ಈಸ್ ಲೇಜಿ. ಬರ್ತಾನೇ ಇಲ್ಲ."

ನಾನು ಬಂದು ನೋಡಿದೆ. ಬರಲಿಲ್ಲ. ಇನ್ನೊಂದೂ ಬರಲಿಲ್ಲ. ಭೂತಗನ್ನಡಿ ಹಿಡಿದರೆ ಒಳಗೆ ದುಂಡಗಿನ ಗುಳ್ಳೆ. ಗಾಜು. ಮಿಕ್ಕಿದ್ದರಲ್ಲಿ ಎರಡಿದ್ದರೆ ಕೂರಿಸಿದ್ದರಲ್ಲಿ ಎಷ್ಟಿರಬೇಕು? ಕಣ್ಣು ಹೋಗುತ್ತಿರುವ ಮನುಷ್ಯ ಆರು ತಿಂಗಳು ಕೂತು ಕೊರೆದದ್ದು. ಪ್ರಶಾಂತನನ್ನು ಕೂಗಿ ಎರಡು ಗಾಜನ್ನೂ ತೋರಿಸಿದೆ.

"ಹೋಗಿ ಹೇಳಿಬಿಡು," ಅಂದ ಪ್ರಶಾಂತ. "ಲೇಟ್ ಮಾಡಿದಷ್ಟೂ ಕಷ್ಟ ಆಗುತ್ತೆ. ನಾನೂ ಬರಲಾ?"

ಒಬ್ಬಳೇ ಹೋದೆ. ಅಷ್ಟು ಹೊತ್ತಿಗೆ ಮೇಧಾ ಇಲ್ಲದೆಯೂ ಮಾತಾಡುವಷ್ಟು ಜಪಾನೀಸ್ ನನಗೆ ಬಂದಿತ್ತು. ಹೊಸಿಲಲ್ಲೇ ತಲೆ ಬಗ್ಗಿಸಿ ಹೇಳಿದೆ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು, "ಮೂರು," ಅಂದರು. "ಹೊರಸುತ್ತಿನಲ್ಲಿ ಎರಡು, ಒಳಗೆ ಒಂದು."

"ನಿಮಗೆ ಗೊತ್ತಿತ್ತಾ?"

"ಉಜ್ಜುವ ಚಕ್ರಕ್ಕೆ ಹಿಡಿದ ತಕ್ಷಣ ಗೊತ್ತಾಯ್ತು. ಕಲ್ಲು ವಾದ ಮಾಡುತ್ತೆ. ಗಾಜು ಹೂಂ ಹೂಂ ಅಂತ ಒಪ್ಪಿಕೊಂಡುಬಿಡುತ್ತೆ."

ನನಗೆ ಸಿಟ್ಟು ಬಂತು. ಅವಮಾನದ ಸಿಟ್ಟು. "ಮತ್ತೆ ಯಾಕೆ ಹೇಳಲಿಲ್ಲ, ಸೆನ್ಸೇ? ತಪ್ಪು ನನ್ನದು. ಹೇಳಿದ್ದರೆ ಆಗಲೇ ಬೇರೆ ತರಿಸ್ತಿದ್ದೆ."

ಅವರು ನನ್ನನ್ನು ಹತ್ತಿರ ಕೂರಿಸಿಕೊಂಡರು. ದನಿ ಇಳಿಯತೊಡಗಿತು. "ಕೇಳಿ. ಆಮೇಲಾಮೇಲೆ ಉತ್ತರಕ್ಕೆ ಕಲ್ಲು ಬರೋದು ಕಮ್ಮಿ ಆಯ್ತಲ್ಲ? ಅಲ್ಲಿ ಒಬ್ಬ ಅಕ್ಕಸಾಲಿಗ ಕೂತಿದಾನೆ. ಇಪ್ಪತ್ತೈದು ಗೂಡು ತುಂಬಿದೆ. ಮೂರು ಖಾಲಿ. ಹಡಗು ಬರಲಿಲ್ಲ. ಯಾಕೆ ಅಂತ ಅವನಿಗೆ ಹೇಳೋರೂ ಇಲ್ಲ. ಕೊನೆಗೆ ಕೆಂಪು ಗಾಜು ಹಾಕಿದ. ಅಂಥ ಬಿಲ್ಲೆಗಳು ಸಿಕ್ಕಿವೆ, ಸುಮಾ-ಸಾನ್. ಗಾಜು ಹಾಕುವಾಗ ಅವನ ಕೈಗೆ ಏನನ್ನಿಸಿತು ಅಂತ ಹತ್ತು ವರ್ಷದಿಂದ ಯೋಚಿಸ್ತಿದ್ದೆ. ನೀವು ತಂದುಕೊಟ್ಟಿರಿ. ಕುರಾತಾ-ಸಾನ್‌ಗೆ ಕಾಗದ ಬರೆದಿದೀನಿ, ಮೂರು ಗಾಜಿನವು ಅಂತ. ಇದನ್ನೂ ಫಲಕದಲ್ಲಿ ಹಾಕಿ ಅಂತ."

ಅವರ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ ನನ್ನ ಸಿಟ್ಟು ನಿಲ್ಲಲಿಲ್ಲ.

ಮಂಗಳವಾರ ನಾನು ಅಲ್ಲಿದ್ದಾಗ ಕುರಾತಾ-ಸಾನ್ ತಾವೇ ಬಂದರು. ಕಾಗದವನ್ನು ಬೆಂಚಿನ ಮೇಲಿಟ್ಟು, ಬಹಳ ವಿನಯದಿಂದ, ಒಂದೊಂದೇ ಮಾತು ಜೋಡಿಸಿಕೊಂಡು ಹೇಳಿದರು. "ಸೆನ್ಸೇ, ಕಥೆ ಚೆನ್ನಾಗಿದೆ. ಆದರೆ ನಾವು ತೋರಿಸ್ತಿರೋ ಬಿಲ್ಲೆಯಲ್ಲಿ ಗಾಜಿಲ್ಲ. ಇಪ್ಪತ್ತೆಂಟೂ ಕಲ್ಲೇ. ಇದು ಹಡಗುಗಳು ಬರುತ್ತಿದ್ದ ಕಾಲದ್ದು. ಅದನ್ನು ಮಾಡಿದವನು ಗಾಜು ಹಾಕಲಿಲ್ಲ. ಹಾಕಿದ ಅಂತ ನಾವು ಹೇಳಬಾರದು."

ಮೇಷ್ಟ್ರು ಬಿಲ್ಲೆಯ ಮೂರು ಗಾಜುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಎದ್ದು, ತಮ್ಮ ಮಗಳ ವಯಸ್ಸಿನ ಆ ಹೆಣ್ಣುಮಗಳಿಗೆ ಸೊಂಟದವರೆಗೆ ಬಾಗಿ ನಮಸ್ಕರಿಸಿದರು.

"ನೀವು ಹೇಳೋದು ಸರಿ. ನನ್ನ ಕಥೆ ನನಗೆ ಇಷ್ಟವಾಗಿಬಿಟ್ಟಿತ್ತು. ಅವನ ಕೆಲಸ ಮರೆತೆ."

"ಮೂರು ಕಲ್ಲು ಹೊಸದಾಗಿ ಆಗುತ್ತಾ? ಇನ್ನು ಹನ್ನೆರಡು ದಿನ ಇದೆ."

"ನನ್ನಿಂದ ಆಗಲ್ಲ. ಈ ತಿಂಗಳು ಗೆರೆ ಕಾಣೋದು ಪೂರ್ತಿ ನಿಂತಿದೆ." ಏನೂ ವಿಶೇಷವಿಲ್ಲವೆಂಬಂತೆ ಸೇರಿಸಿದರು: "ಸುಮಾ-ಸಾನ್ ಕೊರೀತಾರೆ."

ಅಲ್ಲಿಯವರೆಗೆ ನಾನು ಮಾಡಿದ್ದು ಬಣ್ಣ ವಿಂಗಡಿಸುವುದು, ಅಂಚಿಗೆ ಒಂದಿಷ್ಟು ಪಾಲಿಶ್ ಕೊಡುವುದು, ಅಷ್ಟೇ. ಗಾಜು ತೆಗೆದ ಮೇಲೆ ಆ ಬಣ್ಣಕ್ಕೆ ಹೊಂದುವ ಕಲ್ಲು ಉಳಿದದ್ದು ನಾಲ್ಕೇ. ಬೇಕಾದದ್ದು ಮೂರು.

ಮಾರನೆಯ ದಿನದಿಂದ ಮೇಧಾ ಶಾಲೆಗೆ ಹೊರಟ ಕೂಡಲೇ ಅವರ ಮನೆಗೆ ಹೋಗಿಬಿಡುತ್ತಿದ್ದೆ. ಮೊದಲ ನಾಲ್ಕು ದಿನ ನದಿಯ ಉರುಟುಕಲ್ಲು, ಒಡೆದ ಲೋಟದ ಚೂರು ಕೊರೆಸಿದರು. ಐದನೆಯ ದಿನ ಗಾರ್ನೆಟ್. ಕಡ್ಡಿಯ ತುದಿಗೆ ಮೇಣದಿಂದ ಕಲ್ಲನ್ನು ಅಂಟಿಸಿ, ನೀರು ತೊಟ್ಟಿಕ್ಕುವ ಚಕ್ರಕ್ಕೆ ಹಿಡಿಯಬೇಕು. ಒಂದು ಮುಖ ಮಟ್ಟವಾದ ಮೇಲೆ ತಿರುಗಿಸಿ ಅಂಟಿಸಿ ಇನ್ನೊಂದು ಮುಖ. ಮೇಷ್ಟ್ರು ನನಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಕೂತರು. ಅವರು ನೋಡಬೇಕಾಗಿರಲಿಲ್ಲ.

"ಒತ್ತಬೇಡಿ. ಕಲ್ಲು ತಾನಾಗಿ ಬರಲಿ. ಈಗ ದಪ್ಪ ದನಿ. ಹಾಂ. ನೀರು ಕಮ್ಮಿ ಆಯ್ತು, ಕೇಳಿಸ್ತಾ? ಈಗ ದನಿ ತೆಳ್ಳಗಾಗ್ತಿದೆ. ಕೈ ಹಗುರ ಮಾಡಿ. ಹಗುರ."

ಟಿಕ್ ಎಂದಿತು. ಅರ್ಧ ಕಲ್ಲು ನೀರಿನ ತಟ್ಟೆಗೆ ಬಿತ್ತು.

ನನಗೆ ಕಣ್ಣು ತುಂಬಿ ಬಂತು. ಇನ್ನು ಮೂರಕ್ಕೆ ಮೂರೇ. ಮೇಷ್ಟ್ರು ತಿರುಗಲೂ ಇಲ್ಲ. "ನನ್ನ ಮೊದಲ ವರ್ಷ ಎಷ್ಟು ಹಲ್ಲು ಒಡೆದೆ ಅಂತ ಅವಳನ್ನು ಕೇಳಿ."

ಒಳಗಿನಿಂದ ಓಕುಸಾನ್ ಅಂದರು: "ಮದುವೆ ಮಾಡಿಕೊಂಡು ತಪ್ಪು ಮಾಡಿದೆ ಅಂದುಕೊಳ್ಳುವಷ್ಟು."

ಕೈ ಒರೆಸಿಕೊಂಡು ಮುಂದಿನ ಕಲ್ಲು ಅಂಟಿಸಿದೆ. ಒಂದು ಗಳಿಗೆಯಲ್ಲಿ ನನಗೂ ಅದು ಕೇಳಿಸಿತು. ದಪ್ಪಗೆ ಗುಂಯ್‌ಗುಡುತ್ತಿದ್ದ ದನಿ ಮೆಲ್ಲಗೆ ತೆಳುವಾಗಿ, ಮೇಲಕ್ಕೇರಿ, ಈಗ ಎಂದಿತು. ನಾನು ಕೈ ಎತ್ತಿದ್ದೂ ಮೇಷ್ಟ್ರು "ಈಗ" ಅಂದದ್ದೂ ಒಟ್ಟಿಗೇ. ಕಿಟಕಿಗೆ ಹಿಡಿದರೆ ಕಪ್ಪಗಿದ್ದ ಕಲ್ಲು ಒಮ್ಮೆಲೇ ಬೆಳಕಾಗಿತ್ತು. ಆಚೆ ಒಣಗಲು ಹಾಕಿದ್ದ ಬಟ್ಟೆಗಳೆಲ್ಲ ಕೆಂಪಗೆ ಕಂಡವು. ಕಲ್ಲನ್ನು ಮೇಷ್ಟ್ರಿಗೆ ಕೊಟ್ಟೆ. ಅವರು ನಾಲಿಗೆಗೆ ತಾಗಿಸಿ, ಅಂಚಿನ ಮೇಲೆ ಅದನ್ನು ಒಂದು ಸುತ್ತು ಆಡಿಸಿ, ಒಂದು ಕಡೆ ನಿಲ್ಲಿಸಿದರು. "ಇಲ್ಲಿ ಒಂಚೂರು ಉಜ್ಜಬೇಕು."

ಹನ್ನೊಂದನೆಯ ದಿನ ಮೂರನೆಯದು ಮುಗಿಯಿತು. ಗೂಡಿನಿಂದ ಗಾಜು ಬಿಡಿಸಿ, ರೇಕಿನ ಮೇಲೆ ಹೊಸ ಕಲ್ಲು ಕೂರಿಸಿ, ಅಂಚನ್ನು ಒತ್ತಿದವರು ಮೇಷ್ಟ್ರೇ. ಹಲ್ಲಿನ ಕೆಲಸದ ಕೊಕ್ಕೆಯಿಂದ, ಕೇವಲ ಬೆರಳಿನ ಅಂದಾಜಿನಲ್ಲಿ.

ಪ್ರದರ್ಶನದ ಮೊದಲ ದಿನ ಬೆಳಗ್ಗೆ ನಾವೆಲ್ಲ ಹೋದೆವು. ಮುಟ್ಟಿ ನೋಡುವ ಮೇಜಿನ ಮುಂದೆ ಆಗಲೇ ಸರದಿ ಇತ್ತು. ನಮ್ಮ ಸರದಿ ಬಂದಾಗ ಕುರಾತಾ-ಸಾನ್ ಮೇಷ್ಟ್ರ ಕೈ ಹಿಡಿದು ಬಿಲ್ಲೆಯ ಮೇಲಿಟ್ಟರು. ಅವರ ಹೆಬ್ಬೆರಳು ಹೊರಸುತ್ತಿನ ಮೇಲೆ ನಿಧಾನವಾಗಿ ಹೋಯಿತು. ಒಂದು ಕಲ್ಲು, ಮತ್ತೊಂದು, ಮತ್ತೊಂದು. ಒಂದು ಕಡೆ ನಿಂತಿತು. ಹಿಂದೆ ಹೋಗಿ ಮತ್ತೆ ಬಂದು ಅಲ್ಲೇ ನಿಂತಿತು.

"ಇದು ಸುಮಾ-ಸಾನ್ ಕೊರೆದದ್ದು," ಅಂದರು. "ಬಹಳ ಚೆನ್ನಾಗಿದೆ. ಅಂಚು ನೋಡಿ."

ನಾನು ಬಗ್ಗಿ ನೋಡಿದೆ. ನನ್ನದಾಗಿರಲಿಲ್ಲ. ಹೊರಸುತ್ತಿನಲ್ಲಿ ನಾನು ಕೊರೆದ ಎರಡು ಅದಕ್ಕಿಂತ ಮೊದಲೇ ಇದ್ದವು. ಅವರ ಬೆರಳು ಎರಡನ್ನೂ ಆಗಲೇ ದಾಟಿ ಬಂದಿತ್ತು. ಇದು ಶರತ್ಕಾಲದಲ್ಲಿ ಅವರೇ ಕೊರೆದ ಮೊದಲ ಕಲ್ಲು. ಹೌದೆಂದುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಓಕುಸಾನ್ ಮುಖ ನೋಡಿದೆ. ಅವರು ಇಲ್ಲವೆಂಬಂತೆ ತಲೆಯಾಡಿಸಿದರು.

"ಅದು ನಿಮ್ಮದು, ಸೆನ್ಸೇ. ನನ್ನವನ್ನು ದಾಟಿ ಬಂದಿರಿ."

ಅವರು ಕೈ ತೆಗೆಯಲಿಲ್ಲ. ಬೆರಳಿನಲ್ಲೇ ಮತ್ತೆ ಮೊದಲಿನಿಂದ ಇಡೀ ಸುತ್ತು ಬಂದರು. ಆಮೇಲೆ ಅವರ ಮುಖ ಅರಳಿತು. ಅಷ್ಟು ಅರಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಯಾವುದು ನನ್ನದು, ಯಾವುದು ನಿಮ್ಮದು ಅಂತ ನನಗೇ ಗೊತ್ತಾಗ್ತಿಲ್ಲ," ಅಂದರು. "ಕುರಾತಾ-ಸಾನ್, ಕೇಳಿದಿರಾ? ನನಗೇ ಗೊತ್ತಾಗ್ತಿಲ್ಲ."

ಸರದಿ ಮುಂದೆ ಹೋಗಬೇಕಿತ್ತು. ಅವರು ಕದಲಲಿಲ್ಲ. ಹಿಂದೆ ನಿಂತಿದ್ದ, ಯಾರೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲದ ಹೆಂಗಸಿನ ಕಡೆ ತಿರುಗಿ, ಆಕೆಯ ಹೆಬ್ಬೆರಳನ್ನು ಆ ಕಲ್ಲಿನ ಮೇಲೆ ಇಡಿಸಿ, "ಯಾರು ಕೊರೆದದ್ದು, ಹೇಳಿ ನೋಡೋಣ," ಎಂದು ಕೇಳತೊಡಗಿದರು.